ಟ್ರೇಲರ್ ಬಾಗಿಲಿನ ಮಡಚುವ ಮೆಟ್ಟಿಲು: ಅಮ್ಮನಿಗೆ ಇಳಿಯಲು ಕಷ್ಟ, ಬೇರೆ ಹಾಕಿಸಲೇ?

ಸುತ್ತುವಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಗಾಡಿಗೆ ಕಟ್ಟಿ ಎಳೆಯುವ, ಒಳಗೇ ಉಳಿದುಕೊಳ್ಳುವ ಮನೆಯಂಥ ಟ್ರೇಲರ್, ಸ್ವಲ್ಪ ಎತ್ತರದ್ದು. ಬಾಗಿಲ ಕೆಳಗೆ ಮೂರು ಮೆಟ್ಟಿಲು, ತಯಾರಕರೇ ಕೊಟ್ಟಿದ್ದು. ಕೈಯಲ್ಲಿ ಎಳೆದರೆ ಒಂದೊಂದಾಗಿ ಹೊರಗೆ ಬರುತ್ತವೆ, ಮಡಚಿ ತಳ್ಳಿದರೆ ನೆಲದಡಿಗೆ ಸೇರುತ್ತವೆ. ನೆಲಕ್ಕೆ ತಾಗುವ ಕಾಲು ಇಲ್ಲ, ಚಾಸಿಯಿಂದ ಹಾಗೇ ಚಾಚಿಕೊಂಡಿರುತ್ತವೆ.

ಕಳೆದ ವಾರ ಅಮ್ಮ ಇಳಿಯುವಾಗ ಕೊನೆಯ ಮೆಟ್ಟಿಲಲ್ಲಿ ಕಾಲು ತಪ್ಪಿದರು. ಕೆಳಗೆ ನಾನೇ ನಿಂತಿದ್ದೆ, ನನ್ನ ಹೆಗಲು ಹಿಡಿದುಕೊಂಡರು. ಪೆಟ್ಟೇನೂ ಆಗಲಿಲ್ಲ. ಆದರೆ ಅಂದಿನಿಂದ ಸಂಜೆ ಹೊರಗೆ ಬಂದು ಕೂರುವುದನ್ನೇ ಬಿಟ್ಟಿದ್ದಾರೆ. ಕರೆದರೆ "ಒಳಗೇ ಚೆನ್ನಾಗಿದೆ ಬಿಡು" ಅಂತಾರೆ. ಅವರಿಗೆ ಎಡ ಮೊಣಕಾಲು ನೋವಿದೆ. ಊರೂರು ಸುತ್ತಬೇಕು ಅಂತ ಆಸೆಪಟ್ಟವರೇ ಅವರು. ಈಗ ಕಿಟಕಿಯಲ್ಲಿ ನೋಡುತ್ತಾ ಕೂತಿರುವುದನ್ನು ನೋಡಿದರೆ ಸಂಕಟವಾಗುತ್ತದೆ.

ಬಾಗಿಲೊಳಗೇ ಎತ್ತಿ ಮಡಚುವ, ನೆಲಕ್ಕೆ ಕಾಲು ಊರುವ ಮೆಟ್ಟಿಲು ಬರುತ್ತವಂತೆ. ಹಾಕಿಸಿದವರು ಹೇಗಿದೆ ಹೇಳ್ತೀರಾ?

ಬೋಲ್ಟುನಟ್ಟು

ಅಮ್ಮನಿಗೆ ಪೆಟ್ಟಾಗಲಿಲ್ಲವಲ್ಲ, ಅದು ದೊಡ್ಡದು. ಕೊಳ್ಳುವ ಮಾತು ಆಮೇಲೆ. ಮೊದಲು ಒಂದು ಟೇಪು ತಗೊಳ್ಳಿ. ಟ್ರೇಲರನ್ನು ರಸಮಟ್ಟ ಇಟ್ಟು ಸರಿಯಾಗಿ ನಿಲ್ಲಿಸಿ. ಹೊಸ್ತಿಲಿನಿಂದ ನೆಲಕ್ಕೆ ಎಷ್ಟು ಅಂತ ಅಳೆಯಿರಿ. ಆಮೇಲೆ ಹೊಸ್ತಿಲಿಂದ ಮೊದಲ ಮೆಟ್ಟಿಲು, ಅಲ್ಲಿಂದ ಎರಡನೆಯದು, ಮೂರನೆಯದು, ಕೊನೆಗೆ ಮೂರನೆಯದರಿಂದ ನೆಲ. ಎಲ್ಲವನ್ನೂ ಬರೆದು ಇಲ್ಲಿ ಹಾಕಿ. ನನ್ನ ಊಹೆ ಒಂದಿದೆ, ಅಳತೆ ಬಂದ ಮೇಲೆ ಹೇಳ್ತೇನೆ.

ಸುತ್ತುವಮನೆ

ಈಗ ತಾನೇ ಅಳೆದೆ. ಹೊಸ್ತಿಲಿಂದ ನೆಲಕ್ಕೆ 92 ಸೆಂ.ಮೀ. ಮೆಟ್ಟಿಲುಗಳ ನಡುವೆ 20, 20, 20. ಕೊನೆಯದರಿಂದ ನೆಲಕ್ಕೆ 32!

ಇಷ್ಟು ದಿನ ಎಲ್ಲ ಒಂದೇ ಅಂದುಕೊಂಡಿದ್ದೆ. ಇನ್ನೊಂದು ವಿಷಯ. ಅಮ್ಮ ಜಾರಿದ ದಿನ ನಿಂತಿದ್ದ ಜಾಗ ಬಾಗಿಲ ಕಡೆಗೆ ಇಳಿಜಾರಿತ್ತು. ಮಟ್ಟಸ ಮಾಡಲು ಆ ಬದಿಯನ್ನೇ ಎತ್ತಿದ್ದೆವು. ಅವತ್ತು ಇನ್ನೂ ಐದು ಸೆಂ.ಮೀ. ಆದರೂ ಜಾಸ್ತಿ ಇದ್ದಿರಬೇಕು.

ಬೋಲ್ಟುನಟ್ಟು

ಅದೇ ನನ್ನ ಊಹೆಯೂ. ಅವತ್ತು ಅಮ್ಮ ಮೂರು ಸಲ 20 ಇಳಿದು ನಾಲ್ಕನೇ ಸಲ 37 ಇಳಿದಿದ್ದಾರೆ. ಮೆಟ್ಟಿಲು ಇಳಿಯುವಾಗ ನಾವು ಪ್ರತಿ ಹೆಜ್ಜೆಯನ್ನೂ ನೋಡುವುದಿಲ್ಲ. ಮೊದಲೆರಡು ಹೆಜ್ಜೆಯಲ್ಲಿ ಕಾಲು ಎತ್ತರವನ್ನು ಕಲಿತುಬಿಡುತ್ತದೆ, ಮುಂದಿನದೂ ಅಷ್ಟೇ ಅಂತ ನಂಬುತ್ತದೆ. ಆ ನಂಬಿಕೆ ಕೊನೆಯ ಹೆಜ್ಜೆಯಲ್ಲಿ ಕೈಕೊಟ್ಟಿದೆ. ಅಮ್ಮನ ಮೊಣಕಾಲು ಗಟ್ಟಿಯಿದ್ದರೂ ಅಲ್ಲಿ ಎಡವುತ್ತಿದ್ದರು.

ಮನೆ ಕಟ್ಟುವವರು ಇದನ್ನು ಎಷ್ಟು ಗಂಭೀರವಾಗಿ ತಗೊಳ್ತಾರೆ ನೋಡಿ. ಅಮೆರಿಕದ ವಸತಿ ಕಟ್ಟಡ ಸಂಹಿತೆಯಲ್ಲಿ (ಐಆರ್‌ಸಿ) ಒಂದು ಮೆಟ್ಟಿಲಿನ ಎತ್ತರ ಏಳು ಮುಕ್ಕಾಲು ಇಂಚು, ಅಂದರೆ ಸುಮಾರು 19.7 ಸೆಂ.ಮೀ. ಮೀರಬಾರದು. ಒಂದೇ ಸಾಲಿನ ಮೆಟ್ಟಿಲುಗಳಲ್ಲಿ ಅತಿ ಎತ್ತರದ್ದಕ್ಕೂ ಅತಿ ಗಿಡ್ಡದ್ದಕ್ಕೂ 9.5 ಮಿಲಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಒಂದು ಸೆಂಟಿಮೀಟರ್ ಕೂಡ ಅಲ್ಲ! ಅದು ಮನೆಗಳ ನಿಯಮ, ಟ್ರೇಲರ್‌ಗಲ್ಲ. ಆದರೆ ಕಾಲು ಎರಡೂ ಕಡೆ ಅದೇ ಅಲ್ವಾ?

ಹಳೇಚಕ್ರ

ಸುಮ್ನೆ ಅಷ್ಟೊಂದು ಖರ್ಚು ಯಾಕೆ? ಹಲಗೆಯಲ್ಲಿ ಒಂದು ಪೆಟ್ಟಿಗೆ ಮಾಡಿಸಿ ಕೊನೆಯ ಮೆಟ್ಟಿಲ ಮುಂದೆ ಇಡಿ. 16 ಸೆಂ.ಮೀ. ಎತ್ತರ ಸಾಕು, ನಿಮ್ಮ 32 ಸರಿಯಾಗಿ ಅರ್ಧ ಆಗುತ್ತದೆ. ಎರಡೂ ಪಾದ ಆರಾಮಾಗಿ ನಿಲ್ಲುವಷ್ಟು ಅಗಲ ಇರಲಿ. ನಾಲ್ಕು ಮೂಲೆಗೂ ರಬ್ಬರ್ ಕಾಲು ಹಾಕಿ. ನಾವು ವರ್ಷಗಟ್ಟಲೆ ಹಾಗೇ ಓಡಾಡಿದ್ದೇವೆ.

ಮಣ್ಣಿನದಾರಿ

ಹಳೇಚಕ್ರ ಅವರೇ, ಗಟ್ಟಿ ನೆಲದಲ್ಲಿ ನಿಮ್ಮ ಮಾತು ಸರಿ. ಜಲ್ಲಿ ಹಾಸಿದ ಕಡೆ, ಹುಲ್ಲಿನ ಕಡೆ ಪೆಟ್ಟಿಗೆ ಅಲುಗಾಡುತ್ತದೆ. ನಮ್ಮ ಮನೆಯವರು ಪೆಟ್ಟಿಗೆಯ ಅಂಚಿಗೆ ಕಾಲಿಟ್ಟಾಗ ಅದು ಮಗುಚಿತು. ಪಾದ ಉಳುಕಿ ಹದಿನೈದು ದಿನ ಓಡಾಡಲು ಆಗಲಿಲ್ಲ. ಪೆಟ್ಟಿಗೆ ಇಡುವವರು ಪ್ರತಿ ಸಲ ಅದರ ನಾಲ್ಕೂ ಮೂಲೆಗೆ ತಾವೇ ಕಾಲಿಟ್ಟು ನೋಡಿ, ಆಮೇಲೆ ಬೇರೆಯವರನ್ನು ಇಳಿಸಬೇಕು.

ಬೋಲ್ಟುನಟ್ಟು

ಪೆಟ್ಟಿಗೆಯಿಂದ ಎತ್ತರದ ತೊಂದರೆ ಕಡಿಮೆಯಾಗುತ್ತದೆ, ಒಪ್ಪುತ್ತೇನೆ. ಆದರೆ ಚಾಚಿಕೊಂಡ ಮೆಟ್ಟಿಲಿಗೆ ಇನ್ನೊಂದು ತೊಂದರೆ ಇದೆ, ಅದು ಜೋಲಾಟ.

ತುಂಬಿದ ಬಿಂದಿಗೆಯನ್ನು ಸೊಂಟದ ಮೇಲೆ ಇಟ್ಟುಕೊಂಡರೆ ನಡೆಯಬಹುದು. ಅದನ್ನೇ ಕೈ ಚಾಚಿ ಹಿಡಿದರೆ ಎಷ್ಟು ಹೊತ್ತು ನಿಲ್ಲುತ್ತೀರಿ? ಕಾಲಿಲ್ಲದ ಮೆಟ್ಟಿಲು ಮಾಡುವುದು ಆ ಎರಡನೇ ಕೆಲಸ. ಲೆಕ್ಕ ಸುಲಭ. 75 ಕೆಜಿ ತೂಕದವರು ಚಾಸಿಯಿಂದ 60 ಸೆಂ.ಮೀ. ಹೊರಗೆ ನಿಂತರು ಅಂತಿಟ್ಟುಕೊಳ್ಳಿ. ಮೆಟ್ಟಿಲನ್ನು ಹಿಡಿದ ಮೇಲಿನ ಬೋಲ್ಟಿಗೂ ಕೆಳಗಿನದಕ್ಕೂ 10 ಸೆಂ.ಮೀ. ಅಂತರ. ಆಗ ಮೇಲಿನ ಬೋಲ್ಟುಗಳ ಮೇಲೆ ಬೀಳುವ ಎಳೆತ 75 ಗುಣಿಸು 60, ಭಾಗಿಸು 10. ಅಂದರೆ 450 ಕೆಜಿಯಷ್ಟು. ಅದೂ ಸುಮ್ಮನೆ ನಿಂತರೆ. ದಢದಢ ಇಳಿದರೆ ಇನ್ನೂ ಜಾಸ್ತಿ. ಇಂಥ ಮೆಟ್ಟಿಲುಗಳ ಮೇಲೆ 300 ಪೌಂಡ್, ಅಂದರೆ ಸುಮಾರು 136 ಕೆಜಿ ಎಂಬ ಚೀಟಿ ಇರುವುದು ಸಾಮಾನ್ಯ. ದಪ್ಪಗಿನ ಮನುಷ್ಯರೊಬ್ಬರು ಎರಡು ಕೈಯಲ್ಲಿ ನೀರಿನ ಕ್ಯಾನು ಹಿಡಿದು ಹತ್ತಿದರೆ ಆ ಮಿತಿ ಹತ್ತಿರದಲ್ಲೇ ಇರುತ್ತದೆ.

ಹಾಗಾಗಿ ಒಂದು ಪರೀಕ್ಷೆ ಮಾಡಿ. ಕೊನೆಯ ಮೆಟ್ಟಿಲ ಮೇಲೆ ಯಾರನ್ನಾದರೂ ನಿಲ್ಲಿಸಿ. ನೀವು ಮಂಡಿಯೂರಿ ಕೆಳಗಿನಿಂದ ನೋಡಿ. ರಿವೆಟ್ ಇರುವ ತೂತು ಗುಂಡಗೆ ಇದೆಯೇ, ಮೊಟ್ಟೆ ಆಕಾರಕ್ಕೆ ಸವೆದಿದೆಯೇ? ಚಾಸಿಗೆ ಕೂಡುವ ಕಡೆ ಬಣ್ಣ ಬಿರುಕು ಬಿಟ್ಟು ಕಂದು ಗೆರೆ ಎದ್ದಿದೆಯೇ? ಆ ಕಂದು ಗೆರೆ ಅಂದರೆ ಕಬ್ಬಿಣ ಸೀಳಲು ಶುರುವಾಗಿರಬಹುದು. ಕಂಡರೆ ಆ ಮೆಟ್ಟಿಲು ಬಳಸಬೇಡಿ.

ಸುತ್ತುವಮನೆ

ಮಗನನ್ನು ನಿಲ್ಲಿಸಿ ನೋಡಿದೆ. ಬಿರುಕಿಲ್ಲ. ಆದರೆ ಎರಡು ರಿವೆಟ್ ತೂತು ಉದ್ದಕ್ಕೆ ಸವೆದಿವೆ. ಅವನು ಒಂದು ಕಾಲಿಂದ ಇನ್ನೊಂದಕ್ಕೆ ತೂಕ ಬದಲಿಸಿದಾಗಲೆಲ್ಲ ಮೆಟ್ಟಿಲು ಅತ್ತಿತ್ತ ಬೆರಳಗಲ ಸರಿಯುತ್ತಿತ್ತು, "ಕಟ್" ಅಂತ ಸದ್ದು ಬೇರೆ. ಆ ಸದ್ದು ದಿನಾ ಕೇಳುತ್ತಿದ್ದೆ. ಅದು ಏನು ಹೇಳುತ್ತಿದೆ ಅಂತ ಯೋಚಿಸಿರಲಿಲ್ಲ.

ಮಣ್ಣಿನದಾರಿ

ಹೊಸದು ಬರುವವರೆಗೆ ಆ ರಿವೆಟ್ ಕೊರೆದು ತೆಗೆಸಿ. ಅದೇ ತೂತಿಗೆ ಸರಿಹೊಂದುವ ದಪ್ಪದ ಬೋಲ್ಟು ಹಾಕಿ, ಎರಡೂ ಕಡೆ ವಾಷರ್ ಇರಲಿ. ಒಳಗೆ ನೈಲಾನ್ ಬಳೆ ಇರುವ ನಟ್ಟು ಹಾಕಿ, ಅದು ಅಲುಗಾಟಕ್ಕೆ ಬಿಚ್ಚಿಕೊಳ್ಳುವುದಿಲ್ಲ. ತೀರಾ ಬಿಗಿ ಮಾಡಬೇಡಿ, ಮೆಟ್ಟಿಲು ಮಡಚಬೇಕಲ್ಲ.

ಕೊನೆಯ ಮೆಟ್ಟಿಲ ಅಡಿಗೆ ತಿರುಪಿನ ಜ್ಯಾಕ್ ತರಹದ ಆನಿಕೆ ಸಿಗುತ್ತದೆ. ಅದನ್ನೂ ಕೊಡಿ. ಜೋಲಾಟ ಆವತ್ತೇ ಅರ್ಧಕ್ಕೆ ಇಳಿಯುತ್ತದೆ. ಒಂದೇ ಎಚ್ಚರ. ಟ್ರೇಲರನ್ನು ಮಟ್ಟಸ ಮಾಡಿ, ಮೂಲೆಯ ಜ್ಯಾಕ್‌ಗಳನ್ನೆಲ್ಲ ಊರಿದ ಮೇಲೆ ಕೊನೆಗೆ ಆನಿಕೆ ಇಡಿ, ಕೈಯಲ್ಲಿ ತಿರುಗಿಸಿದಷ್ಟೇ ಬಿಗಿ ಸಾಕು. ಮೊದಲೇ ಇಟ್ಟರೆ ಗಾಡಿ ಕುಸಿದಾಗ ಅದರ ಭಾರವೆಲ್ಲ ಮೆಟ್ಟಿಲ ಮೇಲೆ ಬಂದು ಬಾಗುತ್ತದೆ. ಹೊರಡುವಾಗ ಅದನ್ನೇ ಮೊದಲು ತೆಗೆಯಿರಿ.

ಹಳೇಚಕ್ರ

ಕೀಲುಗಳಿಗೆಲ್ಲ ಚೆನ್ನಾಗಿ ಗ್ರೀಸು ತುಂಬಿ, ಸದ್ದು ನಿಲ್ಲುತ್ತದೆ.

ತಂತಿ‌ಕೆಲಸ

ಗ್ರೀಸು ಬೇಡ ಅಣ್ಣ. ಅಡಿಭಾಗದ ಮೆಟ್ಟಿಲಿಗೆ ಚಕ್ರದಿಂದ ಧೂಳು, ಮರಳು ಎರಚುತ್ತಲೇ ಇರುತ್ತದೆ. ಗ್ರೀಸಿಗೆ ಅದು ಅಂಟಿಕೊಂಡರೆ ಕೀಲೊಳಗೆ ಸ್ಯಾಂಡ್‌ಪೇಪರ್ ಇಟ್ಟ ಹಾಗೆ, ಇನ್ನೂ ಬೇಗ ಸವೆಯುತ್ತದೆ. ಮೊದಲು ನೀರು ಹೊಡೆದು ಬ್ರಷ್‌ನಲ್ಲಿ ಉಜ್ಜಿ ಒಣಗಿಸಿ. ಆಮೇಲೆ ಒಣಗಿ ಪದರವಾಗಿ ಕೂರುವ ಸಿಲಿಕೋನ್ ಅಥವಾ ಟೆಫ್ಲಾನ್ ಸ್ಪ್ರೇ ಹೊಡೆಯಿರಿ. ಮೆಟ್ಟಿಲ ಮೇಲ್ಭಾಗಕ್ಕೆ ಮಾತ್ರ ಒಂದು ಹನಿಯೂ ಬೀಳಬಾರದು, ಜಾರುತ್ತದೆ.

ಹಳೇಚಕ್ರ

ಸರಿ, ಇದು ನನಗೆ ಗೊತ್ತಿರಲಿಲ್ಲ. ನಾಳೆಯೇ ನಮ್ಮದನ್ನು ತೊಳೆಯುತ್ತೇನೆ.

ಹೊಸ್ತಿಲು

ನಾವು ಎರಡು ವರ್ಷದ ಹಿಂದೆ ಬಾಗಿಲೊಳಗೆ ಮಡಚುವ ಮೆಟ್ಟಿಲಿಗೆ ಬದಲಾದೆವು. ಕೇಳಿದಿರಲ್ಲ, ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಎಳೆದು ಮುಚ್ಚುವ ಕಬ್ಬಿಣದ ಗೇಟು ನೋಡಿದ್ದೀರಲ್ಲ, ಪಟ್ಟಿಗಳು ಕತ್ತರಿಯಂತೆ ಕೂಡಿ ಬಿಡುತ್ತವೆ. ಇದರದ್ದೂ ಅದೇ ಉಪಾಯ. ಲಿಪರ್ಟ್, ಮೋರ್‌ರೈಡ್ ಕಂಪನಿಗಳು ಇಂಥವನ್ನು ಮಾಡುತ್ತವೆ. ಟಾರ್ಕ್‌ಲಿಫ್ಟ್‌ನವರದು ಕತ್ತರಿ ಪಟ್ಟಿಯ ಇನ್ನೊಂದು ಬಗೆ. ಬಾಗಿಲು ತೆಗೆದು ಹಿಡಿಕೆ ಹಿಡಿದು ಹೊರಗೆ ಬಾಗಿಸಿದರೆ ಮೆಟ್ಟಿಲುಗಳು ಬಿಚ್ಚಿಕೊಂಡು ಕೆಳಗಿಳಿಯುತ್ತವೆ. ಕೆಳಗೆ ಎರಡು ಕಾಲು. ಪ್ರತಿ ಕಾಲಿಗೂ ಸಾಲಾಗಿ ತೂತುಗಳು. ಪಿನ್ನು ತೆಗೆದು ಬೇಕಾದಷ್ಟು ಇಳಿಸಿ ಮತ್ತೆ ಹಾಕುವುದು. ಎಡಗಾಲು ಬಲಗಾಲು ಬೇರೆ ಬೇರೆ ಹೊಂದಿಸಬಹುದು, ಹಾಗಾಗಿ ನೆಲ ವಾರೆ ಇದ್ದರೂ ಮೆಟ್ಟಿಲು ನೆಟ್ಟಗೆ ನಿಲ್ಲುತ್ತದೆ. ಮೊದಲ ದಿನ ಹತ್ತಿದಾಗ ನನಗೆ ಮನೆಯ ಜಗಲಿ ಹತ್ತಿದ ಹಾಗೆ ಅನಿಸಿತು. ಅಷ್ಟು ಗಟ್ಟಿ. ಒಳಗೆ ಮಲಗಿದ್ದವರಿಗೆ ಯಾರೋ ಹತ್ತಿದ್ದು ಗೊತ್ತೇ ಆಗುವುದಿಲ್ಲ.

ಈಗ ಕಷ್ಟಗಳು. ಮಡಚಿದಾಗ ಅದು ಬಾಗಿಲ ಒಳಗೇ ಅಡ್ಡ ನಿಂತಿರುತ್ತದೆ. ದಾರಿಯಲ್ಲಿ ಗಾಡಿ ನಿಲ್ಲಿಸಿ ಒಳಗಿಂದ ಒಂದು ಸಾಮಾನು ತರಬೇಕೆಂದರೂ ಪೂರ್ತಿ ಬಿಚ್ಚಬೇಕು. ಪಕ್ಕದಲ್ಲಿ ಗೋಡೆಯೋ ಇನ್ನೊಂದು ಗಾಡಿಯೋ ಇದ್ದರೆ ಬಿಚ್ಚಲು ಜಾಗವೇ ಸಿಗುವುದಿಲ್ಲ. ಮೆಟ್ಟಿಲಿಗೆ ಅಂಟಿದ ಕೆಸರು ಮಡಚಿದಾಗ ಒಳಗಿನ ನೆಲಕ್ಕೇ ಉದುರುತ್ತದೆ. ಮಡಚುವ ಮುಂಚೆ ಗಿಡ್ಡ ಪೊರಕೆಯಲ್ಲಿ ಗುಡಿಸುವುದು ನಮಗೆ ಅಭ್ಯಾಸ ಆಗಿದೆ. ತೂಕವೂ ಇದೆ. ಸ್ಪ್ರಿಂಗ್ ಸಹಾಯ ಇದ್ದರೂ ಬೆನ್ನು ನೋವಿರುವವರು ಒಮ್ಮೆ ಎತ್ತಿ ನೋಡಿಯೇ ಕೊಳ್ಳಬೇಕು.

ಕೂರಿಸುವಾಗ ಎರಡು ಕಡೆ ಗಮನ ಕೊಡಿ. ಒಂದು, ಚೌಕಟ್ಟಿನ ಒಳ ಅಗಲ. ಮೇಲೆ ಒಂದು ಸಲ, ಹೊಸ್ತಿಲ ಹತ್ತಿರ ಒಂದು ಸಲ ಅಳೆಯಿರಿ, ಎರಡೂ ಒಂದೇ ಇರುತ್ತದೆ ಅಂತ ನಂಬಬೇಡಿ. ಸೊಳ್ಳೆ ಜಾಲರಿ ಬಾಗಿಲು ಇದ್ದರೆ ಅದು ಮುಚ್ಚಲು ಜಾಗ ಉಳಿಯುತ್ತದೆಯೇ ನೋಡಿ. ಎರಡು, ಹೊಸ್ತಿಲ ಬಳಿಯ ನೆಲದ ಹಲಗೆ. ಮಳೆ ನೀರು ಮೊದಲು ಇಳಿಯುವುದು ಅಲ್ಲೇ. ನಮ್ಮದರಲ್ಲಿ ಮೇಲಿನ ಹಾಸು ಚೆನ್ನಾಗಿಯೇ ಇತ್ತು. ದಬ್ಬಣ ಚುಚ್ಚಿದರೆ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಕೊಳೆತ ಹಲಗೆ ಕತ್ತರಿಸಿ ಹೊಸದು ಹಾಕಿಸಿದ ಮೇಲೆಯೇ ಮೆಟ್ಟಿಲು ಕೂರಿಸಿದ್ದು. ಕೊಳೆತ ಮರಕ್ಕೆ ಸ್ಕ್ರೂ ಹಾಕಿದರೆ ಎಂಥ ಒಳ್ಳೆ ಮೆಟ್ಟಿಲೂ ಕಿತ್ತು ಬರುತ್ತದೆ.

ಸುತ್ತುವಮನೆ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಕೈಮುಗಿಯುತ್ತೇನೆ. ಮೂರು ಮೆಟ್ಟಿಲಿನದೋ ನಾಲ್ಕರದೋ? ಕಾಲು ಉದ್ದ ಮಾಡಬಹುದಲ್ಲ, ಮೂರು ಸಾಕಲ್ವಾ?

ಹೊಸ್ತಿಲು

ಇಲ್ಲೇ ತುಂಬಾ ಜನ ಎಡವುತ್ತಾರೆ. ಕಾಲು ಉದ್ದ ಮಾಡಿದರೆ ಮೆಟ್ಟಿಲುಗಳ ನಡುವಿನ ಎತ್ತರ ಬದಲಾಗುವುದಿಲ್ಲ. ಕೊನೆಯ ಮೆಟ್ಟಿಲಿಗೂ ನೆಲಕ್ಕೂ ಇರುವ ಅಂತರ ಮಾತ್ರ ಬದಲಾಗುತ್ತದೆ. ನೀವು ನೋಡುವ ಮೆಟ್ಟಿಲು 19 ಸೆಂ.ಮೀ. ಅಂತರದ್ದು ಅಂದುಕೊಳ್ಳಿ. ಮೂರು ತಗೊಂಡರೆ 57 ಇಳಿಯಿತು, ನಿಮ್ಮ 92ರಲ್ಲಿ ಇನ್ನೂ 35 ಉಳಿಯಿತು. ಇರುವುದಕ್ಕಿಂತ ಕಡೆ! ನಾಲ್ಕು ತಗೊಂಡರೆ 76 ಇಳಿದು 16 ಉಳಿಯುತ್ತದೆ. ಇಳಿಜಾರಿನ ಜಾಗದಲ್ಲಿ 97 ಆದರೂ 21. ನಿಮಗೆ ನಾಲ್ಕೇ ಬೇಕು. ಮಾರುವವರು ಹೇಳುವ ಅಳತೆ ನಂಬುವ ಮುಂಚೆ ಹೊಸ್ತಿಲಿಂದ ಮೊದಲ ಮೆಟ್ಟಿಲಿಗೆ ಎಷ್ಟು ಅಂತಲೂ ಕೇಳಿ, ಅದನ್ನು ಲೆಕ್ಕಕ್ಕೆ ಸೇರಿಸಿ.

ಇನ್ನೊಂದು. ಮೆತ್ತನೆ ಮಣ್ಣಿನಲ್ಲಿ ಆ ಕಾಲುಗಳು ಹೂತುಕೊಳ್ಳುತ್ತವೆ. ಒಂದೇ ಬದಿ ಹೂತರೆ ಮೆಟ್ಟಿಲು ವಾಲುತ್ತದೆ. ಪ್ರತಿ ಕಾಲಿನಡಿಗೆ ಅಂಗೈಗಿಂತ ದೊಡ್ಡದಾದ ಹಲಗೆ ತುಂಡು ಇಡಿ. ಮಳೆ ಬಂದ ಮರುದಿನ ಬೆಳಿಗ್ಗೆ ಮತ್ತೊಮ್ಮೆ ನೋಡಿ.

ತಂತಿ‌ಕೆಲಸ

ನಮ್ಮದು ಮೋಟಾರ್‌ಹೋಮ್, ಅಂದರೆ ಇಂಜಿನ್ ಇರುವ ಓಡುವ ಮನೆ. ಅದಕ್ಕಿರುವುದು ವಿದ್ಯುತ್ ಮೆಟ್ಟಿಲು. ವಿಷಯ ಬಂದಿದ್ದರಿಂದ ಅದನ್ನೂ ಹೇಳಿಬಿಡುತ್ತೇನೆ, ಓದುವವರಿಗೆ ಉಪಯೋಗವಾಗಬಹುದು.

ಬಾಗಿಲಲ್ಲಿ ಒಂದು ಅಯಸ್ಕಾಂತ, ಚೌಕಟ್ಟಿನಲ್ಲಿ ಅದಕ್ಕೆ ಎದುರಾಗಿ ಒಂದು ಸ್ವಿಚ್. ಬಾಗಿಲು ತೆಗೆದರೆ 12 ವೋಲ್ಟ್ ಮೋಟಾರು ಮೆಟ್ಟಿಲನ್ನು ಹೊರಗೆ ತಳ್ಳುತ್ತದೆ, ಮುಚ್ಚಿದರೆ ಒಳಗೆ ಎಳೆಯುತ್ತದೆ. ನಿಂತ ಕಡೆ ಸದಾ ಹೊರಗೇ ಇರಲಿ ಅಂದರೆ ಬಾಗಿಲ ಬಳಿಯ ಇನ್ನೊಂದು ಸ್ವಿಚ್ ಆಫ್ ಮಾಡಬೇಕು. ಬಾಗಿಲು ಮುಚ್ಚಿ ಇಂಜಿನ್ ಕೀಲಿ ತಿರುಗಿಸಿದರೆ ಮಾತ್ರ ಆ ಸ್ವಿಚ್ ಹೇಗಿದ್ದರೂ ಮೆಟ್ಟಿಲು ಒಳಗೆ ಹೋಗುತ್ತದೆ. ಹೊರಗೆ ಚಾಚಿಕೊಂಡೇ ಹೊರಡಬಾರದು ಅಂತ ಮಾಡಿದ ಏರ್ಪಾಡು.

ಇದರಲ್ಲೇ ಅಪಾಯವೂ ಇದೆ. ಒಂದು ರಾತ್ರಿ ಗಾಡಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಲು ಇಂಜಿನ್ ಚಾಲೂ ಮಾಡಿದೆ. ಮೆಟ್ಟಿಲು ಒಳಗೆ ಹೋಯಿತು. ಗಾಡಿ ನಿಲ್ಲಿಸಿದೆ. ಸ್ವಿಚ್ ಆರಿದ್ದದ್ದು ಆರಿದ್ದೇ ಇತ್ತು, ನನಗೆ ನೆನಪಿರಲಿಲ್ಲ. ಆಮೇಲೆ ಕತ್ತಲಲ್ಲಿ ಬಾಗಿಲು ತೆಗೆದು ಕಾಲಿಟ್ಟೆ, ಕೆಳಗೆ ಮೆಟ್ಟಿಲೇ ಇರಲಿಲ್ಲ. ಮುಂಗೈ ಮೂಳೆ ಬಿರುಕು ಬಿಟ್ಟಿತು. ಈಗ ನಮ್ಮ ಮನೆಯಲ್ಲಿ ಯಾರೇ ಇಳಿದರೂ ಮೊದಲು ಮೆಟ್ಟಿಲನ್ನು ಕಣ್ಣಾರೆ ನೋಡಬೇಕು. ಕತ್ತಲಿದ್ದರೆ ದೀಪ ಹಾಕಿಯೇ ಇಳಿಯಬೇಕು. ಮಕ್ಕಳಿಗೂ ಇದನ್ನೇ ಹೇಳಿಕೊಟ್ಟಿದ್ದೇನೆ.

ಮೆಟ್ಟಿಲು ಅಲುಗಾಡದೇ ನಿಂತುಬಿಟ್ಟರೆ ಮೋಟಾರು ಸುಟ್ಟಿತು ಅಂತ ಗಾಬರಿಯಾಗಬೇಡಿ. ಮೊದಲು ಫ್ಯೂಸ್ ನೋಡಿ. ಆಮೇಲೆ ಒಂದು ಅಯಸ್ಕಾಂತವನ್ನು ಕೈಯಲ್ಲಿ ಹಿಡಿದು ಚೌಕಟ್ಟಿನ ಸ್ವಿಚ್‌ಗೆ ತಾಗಿಸಿ, ದೂರ ಮಾಡಿ. ಮೆಟ್ಟಿಲು ಅಲುಗಿದರೆ ಬಾಗಿಲು ಜಗ್ಗಿ ಅಯಸ್ಕಾಂತ ಸ್ಥಾನ ತಪ್ಪಿದೆ ಅಂತ ಅರ್ಥ. ಅಲುಗದಿದ್ದರೆ ಅರ್ತಿಂಗ್ ತಂತಿ ಚಾಸಿಗೆ ಕೂಡುವ ಜಾಗ ನೋಡಿ. ಅಲ್ಲಿ ತುಕ್ಕು ಹಿಡಿದಿರುವುದು ತುಂಬಾ ಸಲ ಕಂಡಿದ್ದೇನೆ. ಕೆರೆದು ಲೋಹ ಹೊಳೆಯುವಂತೆ ಮಾಡಿ ಮತ್ತೆ ಬಿಗಿದರೆ ಸಾಕಾಗುತ್ತದೆ. ಕೈ ಹಾಕುವ ಮುಂಚೆ ಮೆಟ್ಟಿಲಿನ ವಿದ್ಯುತ್ ಕಡಿದಿರಬೇಕು. ಬೆರಳು ಆ ಕೀಲುಗಳ ನಡುವೆ ಇರುವಾಗ ಯಾರೋ ಬಾಗಿಲು ತೆಗೆದರೆ ಮುಗಿಯಿತು.

ನಾಯಿಜೊತೆ

ನಮ್ಮ ನಾಯಿ ಜಾಲರಿ ಮೆಟ್ಟಿಲು ಹತ್ತುತ್ತಲೇ ಇರಲಿಲ್ಲ. ಸಂದಿಯಲ್ಲಿ ನೆಲ ಕಾಣುತ್ತದೆ, ಹೆದರುತ್ತದೆ. ಮೆಟ್ಟಿಲಿಗೆ ಸುತ್ತಿ ಕಟ್ಟುವ ಚಾಪೆ ಹಾಕಿದೆವು, ಮೆಟ್ಟಿಲ ಹಿಂದಿನ ಸಂದಿಯೂ ಮುಚ್ಚಿತು. ಮರುದಿನದಿಂದ ತಾನೇ ಹತ್ತುತ್ತಿದೆ.

ಮಣ್ಣಿನದಾರಿ

ಚಾಪೆ ಹಾಕಿದರೆ ಮಳೆಯಲ್ಲಿ ನೀರು ಹಿಡಿದುಕೊಳ್ಳುತ್ತದೆ, ಆಗಾಗ ಬಿಚ್ಚಿ ಒಣಗಿಸಿ. ಅಡಿಯಲ್ಲಿ ಪಾಚಿ ಕಟ್ಟಿದ್ದು ಗೊತ್ತಾಗುವುದಿಲ್ಲ. ವಯಸ್ಸಾದವರಿಗೆ ನನ್ನ ಆಯ್ಕೆ ಸ್ಯಾಂಡ್‌ಪೇಪರ್ ತರಹದ ಅಂಟುಪಟ್ಟಿ, ಪ್ರತಿ ಮೆಟ್ಟಿಲ ಅಂಚಿಗೆ. ಹಳದಿಯೋ ಬಿಳಿಯೋ ಇರಲಿ, ಅಂಚು ಎಲ್ಲಿ ಮುಗಿಯುತ್ತದೆ ಅಂತ ಮೇಲಿನಿಂದ ಕಾಣಬೇಕು.

ಹೊಸ್ತಿಲು

ಒಂದು ಮರೆತಿದ್ದೆ, ಇದು ಮುಖ್ಯ. ರಾತ್ರಿ ಒಳಗೆ ಮಲಗುವಾಗ ಮೆಟ್ಟಿಲನ್ನು ಮಡಚಿ ಬಾಗಿಲೊಳಗೆ ಇಡಬೇಡಿ. ಒಳಗೆ ಬೆಂಕಿ, ಹೊಗೆ ಆದರೆ ಅದು ದಾರಿಗೆ ಅಡ್ಡ. ಬಿಚ್ಚಿಯೇ ಇರಲಿ. ಒಳಗಿನಿಂದ ತಳ್ಳಿ ಬಿಚ್ಚುವುದನ್ನು ಮನೆಯವರೆಲ್ಲ ಒಮ್ಮೆ ಮಾಡಿ ಕಲಿತಿರಲಿ. ಅಮ್ಮನಿಗೆ ಅದು ಆಗದಿದ್ದರೆ ಅವರೊಬ್ಬರನ್ನೇ ಒಳಗೆ ಬಿಟ್ಟು ಮೆಟ್ಟಿಲು ಮಡಚಬೇಡಿ. ತುರ್ತು ಕಿಟಕಿಯ ಕೊಂಡಿ ತೆಗೆಯಲು ಬರುತ್ತದೆಯೇ ಅಂತಲೂ ನೋಡಿ.

ಸುತ್ತುವಮನೆ

ಆರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ನಾಲ್ಕು ಮೆಟ್ಟಿಲಿನದೇ ಹಾಕಿಸಿದೆ. ದಬ್ಬಣ ಚುಚ್ಚಿ ನೋಡಿದೆ, ನಮ್ಮ ಹಲಗೆ ಗಟ್ಟಿ ಇತ್ತು. ಕೊನೆಯ ಅಂತರ ಸಮತಟ್ಟು ಜಾಗದಲ್ಲಿ 16 ಬಂತು, ಹೊಸ್ತಿಲು ಅವರು ಹಾಕಿದ ಲೆಕ್ಕದಂತೆ. ಅಂಚಿಗೆಲ್ಲ ಹಳದಿ ಪಟ್ಟಿ ಹಚ್ಚಿದ್ದೇನೆ. ಕಾಲಿನಡಿಗೆ ಇಡುವ ಹಲಗೆ ತುಂಡುಗಳಿಗೆ ಹಗ್ಗ ಪೋಣಿಸಿದೆ, ಮಣ್ಣಿನಿಂದ ಎಳೆದು ತೆಗೆಯಲು ಸುಲಭ.

ಮೊದಲ ದಿನ ಅಮ್ಮ ಮೇಲಿನ ಮೆಟ್ಟಿಲಲ್ಲಿ ತುಂಬಾ ಹೊತ್ತು ನಿಂತರು. ಒಂದು ಕಾಲಿಂದ ಒತ್ತಿ ನೋಡಿದರು. ಅಲುಗಲಿಲ್ಲ. ಆಮೇಲೆ ನಾಲ್ಕೂ ಇಳಿದು ನನ್ನ ಕಡೆ ನೋಡದೇ ಕುರ್ಚಿಯ ಹತ್ತಿರ ಹೋದರು. ನನಗೆ ಕಣ್ಣು ತುಂಬಿತು.

ಆದರೆ ಹತ್ತುವಾಗ ಸಲೀಸು, ಇಳಿಯುವಾಗ ಈಗಲೂ ನನ್ನನ್ನು ಕರೆಯುತ್ತಾರೆ. ಯಾಕೆ ಅಂತ ನನಗೆ ತಿಳಿಯಲಿಲ್ಲ, ಅವರೇ ಹೇಳಿದರು. ಮೆಟ್ಟಿಲ ಜೊತೆ ಬಂದಿದ್ದು ಒಂದೇ ಹಿಡಿಕೆ. ಹತ್ತುವಾಗ ಅದು ಬಲಗೈಗೆ ಸಿಗುತ್ತದೆ. ಇಳಿಯುವಾಗ ಮುಖ ತಿರುಗಿತಲ್ಲ, ಅದೇ ಹಿಡಿಕೆ ಎಡಗೈಗೆ ಬರುತ್ತದೆ. ಅವರ ಎಡಗೈಯಲ್ಲಿ ಹಿಡಿತ ಕಡಿಮೆ. ಇನ್ನೊಂದು ಬದಿಗೂ ಹಾಕಬಹುದೇ?

ಬೋಲ್ಟುನಟ್ಟು

ಅಮ್ಮ ಸರಿಯಾಗಿ ಹೇಳಿದ್ದಾರೆ. ಹಾಕಬಹುದು. ಅದೇ ಮೆಟ್ಟಿಲಿಗೆ ಎರಡನೇ ಹಿಡಿಕೆ ಬೇರೆಯಾಗಿ ಕೊಡುತ್ತಾರೆಯೇ ಮೊದಲು ಕೇಳಿ. ಇಲ್ಲದಿದ್ದರೆ ಬಾಗಿಲ ಪಕ್ಕದ ಗೋಡೆಗೆ ಮಡಚುವ ಹಿಡಿಕೆ ಹಾಕಿಸಿ. ಗೋಡೆಯ ತೆಳು ತಗಡಿಗೆ ಮಾತ್ರ ಸ್ಕ್ರೂ ಹಾಕಬೇಡಿ, ಒಳಗೆ ಚೌಕಟ್ಟಿನ ಪಟ್ಟಿ ಎಲ್ಲಿದೆ ಹುಡುಕಿ ಅದಕ್ಕೇ ಹಾಕಿ. ತೂತಿಗೆಲ್ಲ ಸೀಲೆಂಟ್ ತುಂಬಿ, ಇಲ್ಲದಿದ್ದರೆ ನೀರು ಇಳಿಯುತ್ತದೆ. ಕೊಳವೆ ಮೂರೂವರೆಯಿಂದ ನಾಲ್ಕು ಸೆಂ.ಮೀ. ದಪ್ಪ ಇರಲಿ, ಬೆರಳು ಪೂರ್ತಿ ಸುತ್ತಿಕೊಳ್ಳಬೇಕು. ಗುರುತು ಹಾಕುವ ಮುಂಚೆ ಅಮ್ಮನನ್ನೇ ಹೊಸ್ತಿಲಲ್ಲಿ ನಿಲ್ಲಿಸಿ, ಕೈ ಎಲ್ಲಿಗೆ ಹೋಗುತ್ತದೆ ನೋಡಿ, ಅಲ್ಲೇ ಪೆನ್ಸಿಲ್ ಗೆರೆ ಎಳೆಯಿರಿ.

ಸುತ್ತುವಮನೆ

ಗೆರೆ ಎಳೆದಾಯಿತು. ನಾನು ಅಂದುಕೊಂಡಿದ್ದಕ್ಕಿಂತ ಒಂದು ಗೇಣು ಕೆಳಗಿದೆ. ಭಾನುವಾರ ತೂತು ಕೊರೆಯುತ್ತೇನೆ.